ನಿಮಗೇನಾದರೂ ಕೇಳಲಿಕ್ಕುಂಟಾ?

ತಂಗಿಯ ಮಗಳು ಎಂ.ಎಸ್ಸಿ., ಬಿ.ಎಡ್. ಮುಗಿಸಿ ಖಾಸಗಿ ವಿದ್ಯಾಸಂಸ್ಥೆಯೊಂದರ ಸಂದರ್ಶನಕ್ಕೆ ಹೋಗಿದ್ದಳು. ಮೇಜಿನ ಆಚೆ ಐದು ಮಂದಿ, ಈಚೆ ಅವಳೊಬ್ಬಳು. ಇಪ್ಪತ್ತು ನಿಮಿಷ ಪ್ರಶ್ನೆಗಳು ನಡೆದವು. ಪಾಠಕ್ಕೆ ಸಂಬಂಧಿಸಿದವು ನಾಲ್ಕೋ ಐದೋ. ಉಳಿದವೆಲ್ಲ ಮನೆ ಎಲ್ಲಿ, ತಂದೆಗೆ ಏನು ಕೆಲಸ, ಮದುವೆ ಗೊತ್ತಾಗಿದೆಯಾ, ಮದುವೆಯಾದ ಮೇಲೆ ಬಿಟ್ಟು ಹೋಗುತ್ತೀರಾ ಎಂಬಂಥವು. ಕೊನೆಗೆ ಆಡಳಿತ ಮಂಡಳಿಯ ಹಿರಿಯರೊಬ್ಬರು ಅವಳ ಕಡತ ಮುಚ್ಚುತ್ತಾ, "ನಿಮಗೇನಾದರೂ ಕೇಳಲಿಕ್ಕುಂಟಾ?" ಎಂದರು. "ಇಲ್ಲ ಸರ್" ಎಂದು ಹೇಳಿ ಅವಳು ಎದ್ದು ಬಂದಳು.

ಕೇಳಲಿಕ್ಕೆ ಇತ್ತು. ಮೂರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಬ್ಯಾಗಿನೊಳಗೆ ಇಟ್ಟುಕೊಂಡೇ ಹೋಗಿದ್ದಳು. ಸಂಬಳ ಎಷ್ಟು, ಯಾವ ತಾರೀಖಿಗೆ ಸಿಗುತ್ತದೆ? ವಾರಕ್ಕೆ ಎಷ್ಟು ಪೀರಿಯಡ್? ಈ ಜಾಗದಲ್ಲಿ ಮೊದಲು ಇದ್ದವರು ಯಾಕೆ ಬಿಟ್ಟರು? ಚೀಟಿ ಬ್ಯಾಗಿನಲ್ಲಿಯೇ ಉಳಿಯಿತು. ಕೆಲಸ ಸಿಕ್ಕಿತು.

ಎರಡು ಮೂರು ತಿಂಗಳು ಕಳೆಯುವಷ್ಟರಲ್ಲಿ ಉತ್ತರಗಳು ತಾವಾಗಿಯೇ ಬಂದವು. ಸಹಿ ಹಾಕುವ ಮೊತ್ತ ಒಂದು, ಕೈಗೆ ಬರುವ ಮೊತ್ತ ಇನ್ನೊಂದು. ಸೇರುವಾಗ 'ಪರಿಶೀಲನೆಗೆ' ಎಂದು ಪಡೆದ ಮೂಲ ಅಂಕಪಟ್ಟಿಗಳು ಕಚೇರಿಯ ಕಪಾಟಿನೊಳಗೆ. ವರ್ಷ ಮುಗಿಯುವವರೆಗೆ ಹಿಂದೆ ಸಿಗುವುದಿಲ್ಲ. ಅವಳ ಕುರ್ಚಿಯಲ್ಲಿ ಎರಡು ವರ್ಷದೊಳಗೆ ಇಬ್ಬರು ಕುಳಿತು ಎದ್ದು ಹೋಗಿದ್ದರು. ಒಂದು ಸಂಜೆ ಮನೆಗೆ ಬಂದವಳು ಇದನ್ನೆಲ್ಲ ಹೇಳಿ, "ಮಾಮ, ಅವತ್ತು ನಾನು ಕೇಳಿದ್ದರೆ ಅವರು ಹೇಳುತ್ತಿದ್ದರಾ?" ಎಂದಳು. ನಾನು ಸುಮ್ಮನಾದೆ. ಸುಮ್ಮನಾಗಲು ನನ್ನದೇ ಆದ ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ನೇಮಕಾತಿಯ ಕೊನೆಯಲ್ಲಿ ಬರುವ ಈ ಪ್ರಶ್ನೆ ನಮ್ಮ ಸಮಾಜಕ್ಕೆ ತೀರಾ ಹಳೆಯದಲ್ಲ. ಸರಕಾರಿ ನೌಕರಿಯ ಕಾಲದಲ್ಲಿ ಅಭ್ಯರ್ಥಿ ತಿರುಗಿ ಕೇಳುವ ಪದ್ಧತಿ ಇರಲಿಲ್ಲ. ಅದರ ಅಗತ್ಯವೂ ಅಷ್ಟಾಗಿ ಇರಲಿಲ್ಲ. ವೇತನ ಶ್ರೇಣಿ, ರಜೆ, ವರ್ಗಾವಣೆ, ನಿವೃತ್ತಿಯ ವಯಸ್ಸು ಎಲ್ಲವೂ ಅಧಿಸೂಚನೆಯಲ್ಲೋ ಸೇವಾ ನಿಯಮಗಳಲ್ಲೋ ಅಚ್ಚಾಗಿರುತ್ತಿದ್ದವು. ಅಭ್ಯರ್ಥಿಗೆ ತಿಳಿಯದ ಷರತ್ತು ಇರಲಿಲ್ಲ ಎನ್ನಬಹುದು. ಅಲ್ಲಿನ ಅನುಮಾನವೇ ಬೇರೆ: ಸಂದರ್ಶನದ ಹೆಸರಿನಲ್ಲಿ ಶಿಫಾರಸು ನಡೆಯುತ್ತದೆ ಎಂಬುದು. ಕೇಂದ್ರ ಸರಕಾರ ತನ್ನ ಕೆಳಹಂತದ ಹುದ್ದೆಗಳಿಗೆ 2016ರ ಜನವರಿ 1ರಿಂದ ಸಂದರ್ಶನವನ್ನೇ ಕೈಬಿಟ್ಟದ್ದು ಇದೇ ಕಾರಣಕ್ಕೆ.

ಖಾಸಗಿ ಶಾಲೆ, ಆಸ್ಪತ್ರೆ, ಅಂಗಡಿ, ಕಂಪೆನಿಗಳ ಕಥೆ ಹಾಗಲ್ಲ. ಅಲ್ಲಿ ಷರತ್ತುಗಳು ಆಚೆ ಕುಳಿತವರ ಮನಸ್ಸಿನಲ್ಲಿರುತ್ತವೆ. ಈಚೆ ಕುಳಿತವನ ಹತ್ತು ವರ್ಷಗಳ ಅಂಕಪಟ್ಟಿ, ಗುಣನಡತೆಯ ಪತ್ರ, ಮನೆಯ ವಿವರ ಎಲ್ಲ ಮೇಜಿನ ಮೇಲೆ ಹರಡಿರುತ್ತದೆ. ಆಚೆಯವರ ವಿಷಯದಲ್ಲಿ ಈಚೆಯವನಿಗೆ ಗೊತ್ತಿರುವುದು ಗೇಟಿನ ಮೇಲಿನ ಬೋರ್ಡು ಮಾತ್ರ. ಇಂಗ್ಲಿಷಿನ 'ಇಂಟರ್‌ವ್ಯೂ' ಎಂಬ ಪದದ ಫ್ರೆಂಚ್ ಮೂಲಕ್ಕೆ ಪರಸ್ಪರ ನೋಡುವುದು ಎಂಬ ಅರ್ಥವಿದೆ. ನಮ್ಮಲ್ಲಿ ಒಂದು ಕಡೆಯವರು ಮಾತ್ರ ನೋಡುತ್ತಾರೆ. ಕೊನೆಯ ಎರಡು ನಿಮಿಷದಲ್ಲಿ, ಕಡತ ಮುಚ್ಚುವ ಹೊತ್ತಿಗೆ, ಇನ್ನೊಬ್ಬರಿಗೂ ನೋಡಲು ಅನುಮತಿ ಸಿಗುತ್ತದೆ.

ಹೀಗೆ ಒಂದು ಕಡೆಯವನಿಗೆ ಎಲ್ಲ ಗೊತ್ತು, ಇನ್ನೊಂದು ಕಡೆಯವನಿಗೆ ಏನೂ ಗೊತ್ತಿಲ್ಲ ಎಂದಾದರೆ ಏನಾಗುತ್ತದೆ ಎಂಬುದನ್ನು ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯ ಉದಾಹರಣೆಯಿಂದ ವಿವರಿಸಿದ್ದರು. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಮೋಸ ಹೋಗುವ ಭಯದಿಂದ ಕೊಳ್ಳುವವನು ಎಲ್ಲ ಕಾರಿಗೂ ಕಡಿಮೆ ಬೆಲೆಯನ್ನೇ ಹೇಳುತ್ತಾನೆ. ಒಳ್ಳೆಯ ಕಾರಿನ ಮಾಲಿಕ ಆ ಬೆಲೆಗೆ ಕೊಡಲಾರದೆ ಮಾರುಕಟ್ಟೆಯಿಂದ ಹಿಂದೆ ಸರಿಯುತ್ತಾನೆ. ಕೊನೆಗೆ ಉಳಿಯುವುದು ಕೆಟ್ಟ ಕಾರುಗಳೇ. ಈ ಚಿಂತನೆಗೆ 2001ರಲ್ಲಿ ಅವರಿಗೆ ಇನ್ನಿಬ್ಬರೊಂದಿಗೆ ನೊಬೆಲ್ ಬಂತು. ನೌಕರಿಯ ಪೇಟೆಯಲ್ಲಿಯೂ ಇಂಥದ್ದೇ ನಡೆಯುತ್ತಿದೆ. ಯಾವ ಸಂಸ್ಥೆ ಹೇಳಿದ್ದನ್ನೂ ಪೂರ್ತಿ ನಂಬಲಾಗದು ಎಂದು ಯುವಕರು ತೀರ್ಮಾನಿಸಿದ ಮೇಲೆ, ಪ್ರಾಮಾಣಿಕವಾಗಿ ನಡೆಸುವವರ ಮಾತಿಗೂ ಬೆಲೆಯಿಲ್ಲ.

ಈಗ ಈ ಕೊನೆಯ ಪ್ರಶ್ನೆಗೂ ತರಬೇತಿ ಬಂದಿದೆ. ನಗರದ ತರಬೇತಿ ಕೇಂದ್ರಗಳಲ್ಲಿ "ಇಲ್ಲ ಎಂದು ಹೇಳಬೇಡಿ, ಏನಾದರೂ ಕೇಳಿ" ಎಂದು ಕಲಿಸುತ್ತಾರೆ. ಇನ್ನು ಐದು ವರ್ಷದಲ್ಲಿ ನಿಮ್ಮ ಸಂಸ್ಥೆ ಎಲ್ಲಿರುತ್ತದೆ? ನಿಮ್ಮ ಮುಂದಿರುವ ದೊಡ್ಡ ಸವಾಲು ಯಾವುದು? ಇಂಥ ಪ್ರಶ್ನೆಗಳ ಪಟ್ಟಿ ಬಾಯಿಪಾಠವಾಗಿರುತ್ತದೆ. ಕೇಳುವವನಿಗೆ ಉತ್ತರ ಬೇಕಾಗಿಲ್ಲ. ತಾನು ಚುರುಕು ಎಂದು ಕಾಣಿಸಿದರೆ ಸಾಕು. ಹೇಳುವವನಿಗೂ ಅದು ಗೊತ್ತಿರುವುದರಿಂದ ಅವನೂ ಬಾಯಿಪಾಠದ ಉತ್ತರವನ್ನೇ ಕೊಡುತ್ತಾನೆ. ಇಬ್ಬರೂ ಮಾತಾಡಿದಂತಾಯಿತು, ಯಾರೂ ಏನೂ ತಿಳಿದುಕೊಳ್ಳಲಿಲ್ಲ. ಒಂದು ಪ್ರಶ್ನೆ ಪ್ರಾಮಾಣಿಕವೋ ಅಲ್ಲವೋ ಎಂದು ತಿಳಿಯಲು ಸುಲಭದ ದಾರಿಯೊಂದಿದೆ. ಬರುವ ಉತ್ತರ ನನ್ನ ನಿರ್ಧಾರವನ್ನು ಬದಲಿಸಬಹುದೇ? ಬದಲಿಸಬಹುದಾದರೆ ಅದು ನಿಜವಾದ ಪ್ರಶ್ನೆ. ತಂಗಿಯ ಮಗಳ ಚೀಟಿಯಲ್ಲಿದ್ದ ಮೂರೂ ಅಂಥವೇ. ಆದ್ದರಿಂದಲೇ ಅವು ಬಾಯಿಗೆ ಬರಲಿಲ್ಲ.

ಯಾಕೆ ಬರುವುದಿಲ್ಲ ಎಂಬುದನ್ನು ನನಗೆ ಮೊದಲು ಕಲಿಸಿದವರು ನಮ್ಮೂರಿನ ಹಿರಿಯರೊಬ್ಬರು. 1973ರ ನಂತರ ತೈಲದ ಬೆಲೆ ಏರಿ ಕೊಲ್ಲಿ ದೇಶಗಳಲ್ಲಿ ಕೆಲಸಗಳು ಹುಟ್ಟಿಕೊಂಡಾಗ ಕರಾವಳಿಯ ಸಾವಿರಾರು ಮಂದಿಯ ಹಾಗೆ ಇವರೂ ಮುಂಬಯಿಗೆ ಹೋಗಿ, ಊರಿನವರ ಕೋಣೆಯಲ್ಲಿ ಹತ್ತು ಹದಿನೈದು ಜನರ ನಡುವೆ ಮಲಗಿ, ವೀಸಾಕ್ಕಾಗಿ ಕಾದವರು. ಏಜೆಂಟರ ಕಚೇರಿಯ ಇಂಟರ್‌ವ್ಯೂ ಎರಡೇ ನಿಮಿಷದ್ದು. ಹೆಸರು ಕೇಳಿದರು, ಅಂಗೈ ನೋಡಿದರು, ಲೈಸೆನ್ಸ್ ನೋಡಿದರು. ಡ್ರೈವರ್ ಎಂದು ಹೇಳಿ ಕಳುಹಿಸಿದರು. ಅಲ್ಲಿ ಇಳಿದ ಮೇಲೆ ಪಾಸ್‌ಪೋರ್ಟ್ ಮಾಲಿಕನ ಕೈಗೆ ಹೋಯಿತು; ಇವರು ಊರಿನಿಂದ ದೂರ, ಮರಳಿನ ನಡುವೆ ಆಡು ಕಾಯಲು ಹೋದರು. ಎರಡು ವರ್ಷ ಹಾಗೇ ಕಳೆಯಿತು. "ಹೋಗುವ ಮೊದಲು ಏನು ಕೆಲಸ, ಎಲ್ಲಿ ಎಂದು ಕೇಳಲಿಲ್ಲವೇ?" ಎಂದು ನಾನು ಒಮ್ಮೆ ಕೇಳಿದ್ದೆ. ಅವರು ನಕ್ಕು, "ಕೇಳಿದರೆ ಹಿಂದೆ ನಿಂತವನನ್ನು ಕರೆಯುತ್ತಿದ್ದರು ಮೋನೇ" ಎಂದರು.

ಮನೆಯಲ್ಲಿ ಮದುವೆಗೆ ನಿಂತ ತಂಗಿಯರು, ವೀಸಾಕ್ಕೆ ಮಾಡಿದ ಸಾಲ, ಹಿಂದೆ ಸಾಲಿನಲ್ಲಿ ನಿಂತ ಐವತ್ತು ಮಂದಿ. ಅಂಥವನ ಮೌನವನ್ನು ಒಪ್ಪಿಗೆ ಎಂದು ಕರೆಯಲು ಬರುತ್ತದೆಯೇ? ಕಾಗದದ ಮೇಲೆ ಸಹಿ ಇರುತ್ತದೆ ನಿಜ. ಆದರೆ ಏನನ್ನು ಒಪ್ಪುತ್ತಿದ್ದೇನೆ ಎಂದು ತಿಳಿಯದೆ ಹಾಕಿದ ಸಹಿಯದು. ಹೀಗಿರುವಾಗ "ನೀನು ಕೇಳಬೇಕಿತ್ತು" ಎಂದು ಬಡವನನ್ನೇ ದೂರುವುದು ನನಗೆ ನ್ಯಾಯವಾಗಿ ಕಾಣುವುದಿಲ್ಲ. ಕೇಳುವ ಧೈರ್ಯ ಒಳ್ಳೆಯದೇ. ಆದರೆ ಹೊಟ್ಟೆ ತುಂಬಿದವನಿಗೆ ಸುಲಭವಾಗಿ ಬರುವ ಧೈರ್ಯವನ್ನು ಹಸಿದವನ ಕರ್ತವ್ಯವನ್ನಾಗಿ ಮಾಡಬಾರದು. ಕೇಳಲಾಗದವನು ಎದುರಿಗೆ ಕುಳಿತಿದ್ದಾನೆ ಎಂದಾದರೆ ಕೇಳದೆಯೇ ಹೇಳುವ ಹೊಣೆ ಆಚೆ ಕುಳಿತವರ ಮೇಲೆ ಬರುತ್ತದೆ.

ಇದೇನೂ ಹೊಸ ಮಾತಲ್ಲ. ಕುರ್‌ಆನಿನ ಅಲ್ ಕಸಸ್ ಅಧ್ಯಾಯದಲ್ಲಿ ಪ್ರವಾದಿ ಮೂಸಾರ ನೇಮಕಾತಿಯ ಪ್ರಸಂಗವೊಂದು ಬರುತ್ತದೆ. ಫಿರ್‌ಔನನ ಭಯದಿಂದ ಈಜಿಪ್ಟ್ ಬಿಟ್ಟು ಓಡಿಬಂದ ಯುವಕ ಮದ್‌ಯನ್ ಎಂಬಲ್ಲಿ ನೀರಿನ ಬಳಿ ನಿಂತಿದ್ದಾನೆ. ಮನೆಯಿಲ್ಲ, ಊರಿಲ್ಲ, ಪರಿಚಯದವರಿಲ್ಲ. ಇಬ್ಬರು ಹೆಣ್ಣುಮಕ್ಕಳ ಜಾನುವಾರುಗಳಿಗೆ ನೀರು ಕುಡಿಸಿಕೊಟ್ಟದ್ದಷ್ಟೇ ಅವನ ಅರ್ಹತಾಪತ್ರ. ಅವರಲ್ಲಿ ಒಬ್ಬಳು ತಂದೆಗೆ, ಇವನು ಬಲಶಾಲಿ, ನಂಬಿಗಸ್ತ, ಕೆಲಸಕ್ಕೆ ಇಟ್ಟುಕೊಳ್ಳಿ ಎನ್ನುತ್ತಾಳೆ. ಆ ವೃದ್ಧರು ಮನಸ್ಸು ಮಾಡಿದ್ದರೆ ಅನ್ನ ಹಾಕಿದ ಋಣಕ್ಕೆ ಅವನನ್ನು ಎಷ್ಟು ವರ್ಷ ಬೇಕಾದರೂ ದುಡಿಸಬಹುದಿತ್ತು. ಮೂಸಾ ಏನನ್ನೂ ಕೇಳಿಲ್ಲ. ವೃದ್ಧರೇ ಮುಂದಾಗಿ ಷರತ್ತು ಹೇಳುತ್ತಾರೆ: ಮಗಳೊಬ್ಬಳನ್ನು ಮದುವೆ ಮಾಡಿಕೊಡುತ್ತೇನೆ, ಎಂಟು ವರ್ಷ ಕೆಲಸ ಮಾಡಬೇಕು, ಹತ್ತು ಪೂರ್ತಿ ಮಾಡಿದರೆ ಅದು ನಿನ್ನಿಷ್ಟ, ನಿನ್ನನ್ನು ಕಷ್ಟಕ್ಕೆ ಒಡ್ಡುವ ಇಚ್ಛೆ ನನಗಿಲ್ಲ ಎಂದು. ಮೂಸಾ ಕೂಡ ತಾನು ಅರ್ಥಮಾಡಿಕೊಂಡದ್ದನ್ನು ತಿರುಗಿ ಹೇಳುತ್ತಾರೆ: ಎರಡರಲ್ಲಿ ಯಾವ ಅವಧಿ ಮುಗಿಸಿದರೂ ಮತ್ತೆ ನನ್ನ ಮೇಲೆ ಒತ್ತಾಯ ಇರಬಾರದು, ಈ ಮಾತಿಗೆ ದೇವರೇ ಸಾಕ್ಷಿ ಎಂದು. ನಂಬುವವರಿಗೆ ಇದು ದೇವವಾಣಿ, ಬೇರೆಯವರಿಗೆ ಪ್ರಾಚೀನ ಕಥೆ. ಯಾವ ರೀತಿಯಲ್ಲಿ ಓದಿದರೂ ಇದೊಂದು ಸರಿಯಾದ ಸಂದರ್ಶನ. ಕೆಲಸದ ಸ್ವರೂಪವಾಗಲಿ ಕೂಲಿಯಾಗಲಿ ಸ್ಪಷ್ಟವಾಗಿಲ್ಲದಿದ್ದರೆ ಆ ಒಪ್ಪಂದ ದೋಷಯುಕ್ತ ಎಂದು ಇಸ್ಲಾಮೀ ಧರ್ಮಶಾಸ್ತ್ರಜ್ಞರು ಮುಂದೆ ಬರೆದಿಟ್ಟರು. ದೇಶದ ಕಾನೂನೂ ನಿಧಾನವಾಗಿ ಆ ದಿಕ್ಕಿನಲ್ಲಿಯೇ ಬರುತ್ತಿದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ನಾಲ್ಕು ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕೊಡಬೇಕೆಂಬ ನಿಯಮವಿದೆ.

ಇನ್ನು ನನ್ನ ಮಾತು. ಕೆಲವು ವರ್ಷ ನಾನೂ ಒಂದು ಸಣ್ಣ ಶಾಲೆಯ ಆಡಳಿತ ಸಮಿತಿಯಲ್ಲಿದ್ದೆ. ಒಳ್ಳೆಯ ಉದ್ದೇಶದ, ಕಡಿಮೆ ಹಣದ ಶಾಲೆ. ಗಣಿತದ ಅಧ್ಯಾಪಕರ ಹುದ್ದೆಗೆ ಬಂದ ಯುವಕನೊಬ್ಬ, ಕೊನೆಯಲ್ಲಿ ನಾವು ರೂಢಿಯಂತೆ ಆ ಮಾತು ಕೇಳಿದಾಗ, ಬಹಳ ವಿನಯದಿಂದ, "ಈ ಹುದ್ದೆ ಯಾಕೆ ಖಾಲಿಯಾಯಿತು ಸರ್?" ಎಂದ. ಒಂದು ಕ್ಷಣ ಎಲ್ಲರೂ ಸುಮ್ಮನಾದೆವು. ಹಿಂದಿನ ಅಧ್ಯಾಪಕಿ ಬಿಟ್ಟದ್ದು ನಾವು ನಾಲ್ಕು ತಿಂಗಳ ಸಂಬಳ ಕೊಡದೆ ಇದ್ದುದಕ್ಕೆ. ಇದು ಐವರಿಗೂ ಗೊತ್ತಿತ್ತು. "ಅವರಿಗೆ ಮನೆಯ ತೊಂದರೆ ಇತ್ತು" ಎಂದು ಹೇಳಿದವನು ನಾನೇ.

ಪೂರ್ತಿ ಸುಳ್ಳೂ ಅಲ್ಲ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಬಳವಿಲ್ಲದ ಮನೆಯಲ್ಲಿ ತೊಂದರೆ ಇದ್ದೇ ಇರುತ್ತದೆ. ಯುವಕ ಇನ್ನೊಂದು ಕಡೆಯ ಕೆಲಸ ಬೇಡವೆಂದು ನಮ್ಮಲ್ಲಿ ಸೇರಿದ. ಡಿಸೆಂಬರಿನಲ್ಲಿ ಮತ್ತೆ ಸಂಬಳ ನಿಂತಿತು. ಜನವರಿಯಲ್ಲಿ, ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರ ಬಂದಾಗ, ಅವನು ಬಿಟ್ಟ. ಹೋಗುವ ದಿನ ಜಗಳ ಮಾಡಲಿಲ್ಲ. "ನಾನು ಕೇಳಿದ್ದೆನಲ್ಲ ಸರ್" ಎಂದು ಮಾತ್ರ ಹೇಳಿದ. ತಂಗಿಯ ಮಗಳು "ಕೇಳಿದ್ದರೆ ಹೇಳುತ್ತಿದ್ದರಾ" ಎಂದಾಗ ನನ್ನ ಬಾಯಿ ಕಟ್ಟಿದ್ದು ಇದಕ್ಕೆ.

ಇದ್ದದ್ದನ್ನು ಇದ್ದ ಹಾಗೆ ಹೇಳೋಣ ಎಂದು ಮುಂದಿನ ವರ್ಷ ಸಮಿತಿಯಲ್ಲಿ ನಾನು ಹೇಳಿದಾಗ ಬಂದ ಮಾತು ಒಂದೇ: "ಹಾಗೆ ಹೇಳಿದರೆ ಯಾರು ಬರುತ್ತಾರೆ?" ಇದು ಎಲ್ಲ ಕಡೆ ಕೇಳಿಬರುವ ಭಯ. ಆದರೆ ಅದು ಎಷ್ಟು ನಿಜ? ಅಮೆರಿಕದ ಜಾನ್ ವಾನಸ್ ಎಂಬ ವಿದ್ವಾಂಸರು 1973ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಟೆಲಿಫೋನ್ ಆಪರೇಟರ್ ಕೆಲಸಕ್ಕೆ ಬಂದವರಲ್ಲಿ ಕೆಲವರಿಗೆ ಕೆಲಸದ ಸೊಗಸನ್ನಷ್ಟೇ ತೋರಿಸುವ ಚಿತ್ರ, ಇನ್ನು ಕೆಲವರಿಗೆ ಬೇಸರ ತರುವ ಒಂದೇ ಬಗೆಯ ದುಡಿತ, ಮೇಲ್ವಿಚಾರಕರ ಕಾವಲು ಎಲ್ಲವನ್ನೂ ತೋರಿಸುವ ಚಿತ್ರ. ಸತ್ಯ ಕಂಡವರು ಓಡಿಹೋಗಲಿಲ್ಲ. ಅವರೂ ಇವರಷ್ಟೇ ಪ್ರಮಾಣದಲ್ಲಿ ಕೆಲಸ ಒಪ್ಪಿಕೊಂಡರು. ಸೇರಿದ ನಂತರ ಬಿಟ್ಟುಬಿಡುವ ಯೋಚನೆ ಅವರಿಗೆ ಕಡಿಮೆ ಬಂತು. ಕಷ್ಟ ಇದೆಯೆಂದು ಮೊದಲೇ ತಿಳಿದು ಬಂದವನಿಗೆ ಕಷ್ಟ ಎದುರಾದಾಗ ಮೋಸದ ನೋವು ಇರುವುದಿಲ್ಲವಲ್ಲ.

ಹಾಗಾದರೆ ಕೆಲಸಕ್ಕೆ ಹೋಗುವ ಮಕ್ಕಳಿಗೆ ಏನು ಹೇಳಬೇಕು? ಸುಮ್ಮನೆ ಕುಳಿತು ಬನ್ನಿ ಎನ್ನಲಾಗದು. ಕೇಳಲು ಶಕ್ತಿಯಿರುವವರು ಕೇಳಿದರೆ ಅವರ ಹಿಂದೆ ಬರುವ, ಕೇಳಲಾಗದವರಿಗೂ ದಾರಿಯಾಗುತ್ತದೆ. ಮೇಜಿನ ಎರಡೂ ಬದಿಯಲ್ಲಿ ಕುಳಿತ ಅನುಭವದಿಂದ ಹೇಳುವುದಾದರೆ, ಭವಿಷ್ಯದ ಭರವಸೆ ಕೇಳುವುದಕ್ಕಿಂತ ನಡೆದ ಸಂಗತಿಯನ್ನು ಕೇಳುವುದು ಲೇಸು. "ಇಲ್ಲಿ ಬೆಳೆಯಲು ಅವಕಾಶವಿದೆಯೇ" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. "ಈ ಹುದ್ದೆಯಲ್ಲಿದ್ದವರು ಈಗ ಎಲ್ಲಿದ್ದಾರೆ" ಎಂದರೆ ಒಬ್ಬ ಮನುಷ್ಯನನ್ನು ನೆನಪಿಸಿಕೊಂಡು ಉತ್ತರಿಸಬೇಕಾಗುತ್ತದೆ. "ಇಲ್ಲಿನ ವಾತಾವರಣ ಹೇಗೆ" ಎನ್ನುವ ಬದಲು "ಹೋದ ವಾರ ಈ ಕೆಲಸ ಮಾಡುವವರ ದಿನ ಎಷ್ಟು ಗಂಟೆಗೆ ಮುಗಿಯಿತು" ಎನ್ನಬಹುದು. "ನನ್ನ ಕೆಲಸ ಚೆನ್ನಾಗಿದೆ ಎಂದು ಆರು ತಿಂಗಳ ನಂತರ ಯಾರು, ಯಾವುದನ್ನು ನೋಡಿ ಹೇಳುತ್ತಾರೆ" ಎಂಬುದು ನ್ಯಾಯವಾದ ಪ್ರಶ್ನೆ. "ಹಿಂದೆ ಯಾರಿಂದಲಾದರೂ ತಪ್ಪಾದಾಗ ಏನು ಮಾಡಿದಿರಿ" ಎಂಬುದಕ್ಕೆ ಬರುವ ಉತ್ತರದಲ್ಲಿ, ಮಾತಿಗಿಂತ ಹೆಚ್ಚಾಗಿ ಮುಖದಲ್ಲಿ, ಆ ಸಂಸ್ಥೆಯ ಸ್ವಭಾವ ತಿಳಿಯುತ್ತದೆ. ಆಗಬಹುದಾದರೆ ಇಷ್ಟು ಕೇಳಬೇಕು: "ಇಲ್ಲಿ ಈಗ ಕೆಲಸ ಮಾಡುತ್ತಿರುವವರೊಬ್ಬರ ಬಳಿ ಮಾತಾಡಬಹುದೇ?"

ಸಂಬಳದ ಮಾತು ಕೇಳಲು ನಮ್ಮವರಿಗೆ ಬಹಳ ಸಂಕೋಚ. ಶಾಲೆ, ಆಸ್ಪತ್ರೆ, ಧಾರ್ಮಿಕ ಸಂಸ್ಥೆಗಳಲ್ಲಿ ಅದು 'ಸೇವೆ'ಯ ಹೆಸರಿನಲ್ಲಿ ಇನ್ನೂ ಹೆಚ್ಚು. ಸೇವೆ ಮಾಡುವವನ ಮನೆಯಲ್ಲೂ ಅಕ್ಕಿ ಬೇಕು. ತಿಂಗಳ ಸಂಬಳವನ್ನು ಮುಂದಿನ ತಿಂಗಳ 7ನೆಯ ತಾರೀಖಿನೊಳಗೆ ಕೊಡಬೇಕೆಂದು ಕಾನೂನೇ ಹೇಳುವಾಗ, ಯಾವ ತಾರೀಖಿಗೆ ಕೊಡುತ್ತೀರಿ ಎನ್ನುವುದು ದುರಾಸೆಯ ಪ್ರಶ್ನೆ ಆಗಲಾರದು. ಹೆಣ್ಣುಮಕ್ಕಳ ಮಾತು ಇನ್ನೂ ಸೂಕ್ಷ್ಮ. ಮದುವೆಯ ಬಗ್ಗೆ ಅವರನ್ನು ಧಾರಾಳವಾಗಿ ಕೇಳುವ ಸಮಿತಿ, ಹೆರಿಗೆ ರಜೆಯ ಬಗ್ಗೆ ಅವರು ಕೇಳಿದರೆ ಹುಬ್ಬು ಗಂಟಿಕ್ಕುತ್ತದೆ. 2017ರ ತಿದ್ದುಪಡಿಯಿಂದ ಬಂದ 26 ವಾರಗಳ ರಜೆ ಈಗಿನ ಸಂಹಿತೆಯಲ್ಲೂ ಮುಂದುವರಿದಿದೆ. ಹತ್ತು ಮಂದಿ ಅಥವಾ ಹೆಚ್ಚು ನೌಕರರಿರುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಬೇಕೆಂಬುದು 2013ರ ಕಾಯ್ದೆ. ಇವನ್ನು ಬಾಯಿಬಿಟ್ಟು ಕೇಳುವಂತೆ ಹುಡುಗಿಯ ಮೇಲೆ ಭಾರ ಹೊರಿಸುವ ಬದಲು ಗೋಡೆಗೆ ಅಂಟಿಸಿದ ಒಂದು ಕಾಗದದಲ್ಲಿ ಬರೆದಿಟ್ಟರೆ ಸಂಸ್ಥೆಗೆ ಆಗುವ ನಷ್ಟವೇನು?

ಕೇಳಿದ್ದಕ್ಕೆ ಕೆಲಸ ತಪ್ಪಿದರೆ? ತಪ್ಪಬಹುದು. ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಸಾಲದಲ್ಲಿರುವ ಮನೆಯ ಮಗ ಕೇಳದೆ ಸೇರಿದರೆ ಅವನನ್ನು ಹೇಡಿ ಎನ್ನುವ ಹಕ್ಕು ನನಗಿಲ್ಲ. ಅವನು ಸೇರುವ ಮೊದಲು ಹೊರಗೆ ವಿಚಾರಿಸಬಹುದು. ಗೇಟಿನ ಬಳಿಯ ಚಹಾದಂಗಡಿಯಲ್ಲಿ ಸಮಿತಿಯವರು ಹೇಳದ ಎಷ್ಟೋ ವಿಷಯ ತಿಳಿಯುತ್ತದೆ. ಇನ್ನೊಂದು ಮಾತೂ ಇದೆ. ಸತ್ಯ ಕೇಳುವವನು ಸತ್ಯ ಹೇಳಲೂ ಸಿದ್ಧನಿರಬೇಕು. ಇಲ್ಲದ ಅನುಭವವನ್ನು ಬರೆದು, ಆರು ತಿಂಗಳಿಗೆ ಬಿಡುವ ಯೋಚನೆಯನ್ನು ಮುಚ್ಚಿಟ್ಟು, ಸಂಸ್ಥೆಯಿಂದ ಮಾತ್ರ ಪ್ರಾಮಾಣಿಕತೆ ಬಯಸಿದರೆ ಅಕರ್ಲಾಫ್ ಹೇಳಿದ ಪೇಟೆಯಲ್ಲಿ ನಾವೂ ಕೆಟ್ಟ ಕಾರು ಮಾರಿದವರೇ ಆಗುತ್ತೇವೆ.

ನಮ್ಮ ಶಾಲೆಯ ಸಮಿತಿ ಕೊನೆಗೆ ಒಪ್ಪಿತು. ಸಂದರ್ಶನಕ್ಕೆ ಬಂದವರ ಕೈಗೆ ಮೊದಲೇ ಒಂದು ಹಾಳೆ ಕೊಡತೊಡಗಿದೆವು. ಸಂಬಳ ಇಷ್ಟು, ಪೀರಿಯಡ್ ಇಷ್ಟು, ಕಳೆದ ವರ್ಷ ಇಷ್ಟು ತಿಂಗಳು ಸಂಬಳ ತಡವಾಗಿದೆ, ಈ ವರ್ಷ ತಡವಾಗದಂತೆ ಇಂಥ ವ್ಯವಸ್ಥೆ ಮಾಡಿದ್ದೇವೆ, ಆದರೂ ಖಾತರಿ ಹೇಳಲಾರೆವು, ಮೂಲ ಅಂಕಪಟ್ಟಿ ಇಟ್ಟುಕೊಳ್ಳುವುದಿಲ್ಲ. ಆ ಹಾಳೆಯನ್ನು ಬರೆಯಲು ಕುಳಿತ ದಿನವೇ ಸಮಿತಿಗೆ ನಿಜವಾದ ಸಂದರ್ಶನ ನಡೆದಂತಾಯಿತು. ಬರೆಯಲು ನಾಚಿಕೆಯಾದ ಎರಡು ವಿಷಯಗಳನ್ನು ಬರೆಯುವ ಮೊದಲೇ ಸರಿಪಡಿಸಿದೆವು. ಹಾಳೆ ಓದಿ ಇಬ್ಬರು ಎದ್ದು ಹೋದರು. ಸೇರಿದ ಒಬ್ಬರು ನಾನು ಸಮಿತಿ ಬಿಡುವವರೆಗೂ ಅಲ್ಲಿಯೇ ಇದ್ದರು.

ತಂಗಿಯ ಮಗಳು ವರ್ಷ ಮುಗಿಯುವುದನ್ನೇ ಕಾದು ಅಂಕಪಟ್ಟಿ ಪಡೆದುಕೊಂಡು ಹೊರಬಂದಳು. ಈಚೆಗೆ ಇನ್ನೊಂದು ಕಡೆ ಸಂದರ್ಶನಕ್ಕೆ ಹೋದಾಗ ಚೀಟಿಯನ್ನು ಬ್ಯಾಗಿನಿಂದ ತೆಗೆದು ಕೈಯಲ್ಲಿಯೇ ಹಿಡಿದುಕೊಂಡಿದ್ದಳಂತೆ. ಕೊನೆಯಲ್ಲಿ ಅದೇ ಮಾತು ಬಂತು. ಹಿಂದಿನವರು ಯಾಕೆ ಬಿಟ್ಟರು ಎಂದು ಕೇಳಿದಳು. ಪ್ರಾಂಶುಪಾಲರು ಸ್ವಲ್ಪ ಹೊತ್ತು ಅವಳನ್ನೇ ನೋಡಿ, "ನಮ್ಮದೇ ತಪ್ಪಿತ್ತು, ಕುಳಿತುಕೊಳ್ಳಿ ಹೇಳುತ್ತೇನೆ" ಎಂದರಂತೆ. ಫಲಿತಾಂಶ ಇನ್ನೂ ಬಂದಿಲ್ಲ.